ಹಕ್ಕಿಗಳ ಹಿಂದೆ ಹೋದ ಸಲೀಂ ಅಲಿ



ಚಡ್ಡಿ ಜೇಬಿನಲ್ಲಿ ಚಾಟರ್‌ಬಿಲ್ಲು ಇಟ್ಟುಕೊಂಡು ಶಾಲೆಗೆ ಬರುವವರು ನಮ್ಮಲ್ಲಿ ಯಾರು ಯಾರು ಅಂತ ಎಲ್ಲರಿಗೂ ಗೊತ್ತು. ಹೆಸರು ಬರೆಯೋದು ಬೇಡ. ಈ ಸಲದ ನಮ್ಮ ಗೋಡೆ ಪತ್ರಿಕೆಯಲ್ಲಿ ಹೇಳ ಹೊರಟಿರುವುದೂ ಗುಬ್ಬಿ ಹೊಡೆಯುತ್ತಿದ್ದ ಒಬ್ಬ ಹುಡುಗನ ಕಥೆಯೇ. ಅವನ ಕೈಲಿ ಚಾಟರ್‌ಬಿಲ್ಲು ಇರಲಿಲ್ಲ, ಏರ್‌ಗನ್ ಇತ್ತು, ಅಷ್ಟೇ ವ್ಯತ್ಯಾಸ.

ಸಲೀಂ ಅಲಿ ಹುಟ್ಟಿದ್ದು 1896ನೇ ಇಸವಿ ನವೆಂಬರ್ 12ರಂದು, ಬೊಂಬಾಯಿಯಲ್ಲಿ. ದೊಡ್ಡ ಸಂಸಾರ, ಇವರೇ ಕೊನೆಯವರು. ಒಂದು ವರ್ಷದ ಮಗುವಾಗಿದ್ದಾಗ ತಂದೆ ಹೋದರು, ಮೂರು ವರ್ಷವಾದಾಗ ತಾಯಿಯೂ ಹೋದರು. ಸೋದರಮಾವ ಅಮೀರುದ್ದೀನ್ ತಯ್ಯಬ್ಜಿ ಅವರಿಗೆ ಮಕ್ಕಳಿರಲಿಲ್ಲ. ಅವರು ಮತ್ತು ಅತ್ತೆ ಹಮೀದಾ ಬೇಗಂ ಈ ತಬ್ಬಲಿ ಮಕ್ಕಳನ್ನೆಲ್ಲ ಖೇತವಾಡಿಯ ತಮ್ಮ ಮನೆಗೆ ಕರೆದುಕೊಂಡು ಬಂದು ಸಾಕಿದರು. ಮಾವನಿಗೆ ಶಿಕಾರಿಯ ಗೀಳು. ಹುಡುಗನಿಗೂ ಅದೇ ಅಂಟಿತು. ಏರ್‌ಗನ್ ಕೊಡಿಸಿದವರೂ ಮಾವನೇ.

ಕುದುರೆ ಲಾಯದ ಗೋಡೆಯ ತೂತಿನಲ್ಲಿ ಒಂದು ಜೋಡಿ ಗುಬ್ಬಿ ಗೂಡು ಕಟ್ಟಿದ್ದವು. ಹೆಣ್ಣು ಒಳಗೆ ಮೊಟ್ಟೆ ಮೇಲೆ ಕೂತರೆ ಗಂಡು ಹೊರಗೆ ಕಾವಲು. ಹುಡುಗ ಗಂಡನ್ನು ಹೊಡೆದ. ಸ್ವಲ್ಪ ಹೊತ್ತಿಗೆ ನೋಡಿದ್ರೆ ಅದೇ ಜಾಗದಲ್ಲಿ ಇನ್ನೊಂದು ಗಂಡು ಕೂತಿದೆ! ಅದನ್ನೂ ಹೊಡೆದ. ಮತ್ತೊಂದು ಬಂತು. ಹೀಗೆ ಏಳು ದಿನದಲ್ಲಿ ಎಂಟು ಗಂಡು ಗುಬ್ಬಿ ಸತ್ತವು. ನಾವಾದರೆ ಎಂಟು ಹೊಡೆದೆ ಅಂತ ಕುಣಿದಾಡಿ ಸುಮ್ಮನಾಗುತ್ತಿದ್ದೆವು. ಈ ಹುಡುಗ ಮಾತ್ರ, ಒಂದು ಹೋದ ಕೂಡಲೇ ಇನ್ನೊಂದು ಹೇಗೆ ಬಂತು ಅಂತ ಯೋಚಿಸಿ, ನಡೆದದ್ದನ್ನೆಲ್ಲ ಬರೆದಿಟ್ಟುಕೊಂಡ. ಹತ್ತು ವರ್ಷದ ಹುಡುಗ ಬರೆದ ಆ ಟಿಪ್ಪಣಿ ಎಷ್ಟೋ ವರ್ಷಗಳ ಮೇಲೆ ಪಕ್ಷಿ ವೀಕ್ಷಕರ ಪತ್ರಿಕೆಯಲ್ಲಿ ಅಚ್ಚಾಯಿತು.

ಇನ್ನೊಂದು ದಿನ ಹೊಡೆದ ಗುಬ್ಬಿ ಕೈಗೆತ್ತಿಕೊಂಡು ನೋಡಿದರೆ ಏನೋ ಬೇರೆ ಥರ ಇದೆ. ಕುತ್ತಿಗೆಯ ಕೆಳಗೆ ಅರಿಶಿನ ತಾಗಿದ ಹಾಗೆ ಹಳದಿ ಮಚ್ಚೆ. ಇದು ಬೇರೆ ಜಾತಿಯ ಹಕ್ಕಿ, ಮುಸಲ್ಮಾನರು ತಿನ್ನಬಹುದೋ ಬಾರದೋ ಅಂತ ಅನುಮಾನ ಬಂದು ಮಾವನ ಹತ್ತಿರ ತೆಗೆದುಕೊಂಡು ಹೋದ. ಮಾವನಿಗೂ ಗೊತ್ತಾಗಲಿಲ್ಲ. ಆದರೆ ಮಾವ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಎಂಬ ಸಂಘದ ಸದಸ್ಯರು. ಅಲ್ಲಿನ ಕಾರ್ಯದರ್ಶಿ ಮಿಲ್ಲಾರ್ಡ್ ಎಂಬ ಇಂಗ್ಲಿಷರಿಗೆ ಒಂದು ಚೀಟಿ ಬರೆದು, ಹಕ್ಕಿಯನ್ನು ಪೊಟ್ಟಣ ಕಟ್ಟಿ, ನೀನೇ ಹೋಗಿ ಕೇಳಿಕೊಂಡು ಬಾ ಅಂತ ಹುಡುಗನನ್ನೇ ಕಳಿಸಿದರು. ಬಿಳಿ ದೊರೆ ಅಂದರೆ ಆಗ ಹೆದರಿಕೆ ಅಲ್ವಾ? ಹೆದರಿ ಹೆದರಿಯೇ ಒಳಗೆ ಹೋದ. ಮಿಲ್ಲಾರ್ಡ್ ಸಾಹೇಬರು ಗದರಲಿಲ್ಲ. ಇದು ಹಳದಿ ಕತ್ತಿನ ಗುಬ್ಬಿ ಅಂತ ಹೇಳಿ, ಬೀರುಗಳ ಖಾನೆ ಎಳೆದು, ಹೊಟ್ಟೆಯೊಳಗೆ ಹತ್ತಿ ತುಂಬಿ ಸಾಲಾಗಿ ಮಲಗಿಸಿದ್ದ ನೂರಾರು ಹಕ್ಕಿಗಳನ್ನು ಒಂದೊಂದಾಗಿ ತೋರಿಸಿದರು. ಓದಲು ಪುಸ್ತಕ ಕೊಟ್ಟರು. ಹಕ್ಕಿಯ ಚರ್ಮ ಸುಲಿದು ಕೆಡದ ಹಾಗೆ ಇಡುವುದನ್ನು ಅಲ್ಲೇ ಕಲಿಸಿದರು. ಅಲ್ಲಿಂದ ಮುಂದೆ ಸಲೀಂ ಅಲಿಯವರ ಇಡೀ ಬದುಕು ಆ ಸಂಘದ ಜೊತೆಗೇ ನಡೆಯಿತು.

ಓದಿನಲ್ಲಿ ಇವರು ಅಂಥ ಜಾಣರೇನೂ ಅಲ್ಲ. (ಇದನ್ನು ಓದಿ ಕೆಲವರಿಗೆ ಖುಷಿಯಾಗಬಹುದು!) ಕಾಲೇಜು ಬಿಟ್ಟು ಬರ್ಮಾ ದೇಶದ ತವೋಯ್ ಎಂಬಲ್ಲಿಗೆ ಹೋದರು. ಅಲ್ಲಿ ಮನೆಯವರ ಗಣಿ ಮತ್ತು ಮರದ ವ್ಯಾಪಾರ ಇತ್ತು. ವ್ಯಾಪಾರಕ್ಕಿಂತ ಕಾಡು ಸುತ್ತಿದ್ದೇ ಹೆಚ್ಚು. ಬೊಂಬಾಯಿಗೆ ವಾಪಸು ಬಂದು 1918ರಲ್ಲಿ ತೆಹಮಿನಾ ಎಂಬುವರನ್ನು ಮದುವೆಯಾದರು. ಸರ್ಕಾರದ ಪ್ರಾಣಿಶಾಸ್ತ್ರ ಇಲಾಖೆಯಲ್ಲಿ ಪಕ್ಷಿತಜ್ಞರ ಹುದ್ದೆಗೆ ಪ್ರಯತ್ನಪಟ್ಟರು, ಡಿಗ್ರಿ ಇಲ್ಲ ಅಂತ ಸಿಗಲಿಲ್ಲ. 1926ರಲ್ಲಿ ಬೊಂಬಾಯಿಯ ವಸ್ತುಸಂಗ್ರಹಾಲಯದಲ್ಲಿ ಬಂದವರಿಗೆ ಪ್ರಾಣಿ ಪಕ್ಷಿಗಳ ಬಗ್ಗೆ ವಿವರಿಸುವ ಕೆಲಸ ಸಿಕ್ಕಿತು. ಎರಡು ವರ್ಷಕ್ಕೆ ಅದೂ ಬೇಸರವಾಗಿ, ರಜೆ ಹಾಕಿ ಜರ್ಮನಿಗೆ ಹೋಗಿ ಬರ್ಲಿನ್‌ನಲ್ಲಿ ಸ್ಟ್ರೆಸೆಮನ್ ಎಂಬ ದೊಡ್ಡ ಪಕ್ಷಿವಿಜ್ಞಾನಿಯ ಹತ್ತಿರ ಕಲಿತರು. ಅವರನ್ನು ಕಡೆಯವರೆಗೂ ಗುರು ಅಂತಲೇ ಭಾವಿಸಿದ್ದರು. 1930ರಲ್ಲಿ ಊರಿಗೆ ಬಂದು ನೋಡಿದರೆ, ಹಣವಿಲ್ಲ ಅಂತ ಆ ಕೆಲಸವನ್ನೇ ತೆಗೆದುಹಾಕಿದ್ದರು.

ಕೆಲಸ ಹೋದದ್ದು ಒಳ್ಳೆಯದೇ ಆಯಿತು ಅಂತ ನಮಗೆ ಈಗ ಅನಿಸುತ್ತದೆ. ಗಂಡ ಹೆಂಡತಿ ಇಬ್ಬರೂ ಬೊಂಬಾಯಿ ಬಿಟ್ಟು ಸಮುದ್ರದ ದಡದ ಕಿಹಿಂ ಎಂಬ ಹಳ್ಳಿಗೆ ಹೋಗಿ ಇದ್ದರು. ಮನೆ ಹತ್ತಿರವೇ ಗೀಜಗಗಳು ಗೂಡು ಕಟ್ಟಿದ್ದವು. ಕೆಲಸವಿಲ್ಲದ ಸಲೀಂ ಅಲಿ ಏಣಿ ಹಾಕಿ, ಅದರ ಮೇಲೆ ಮರೆ ಕಟ್ಟಿಕೊಂಡು, ದಿನಗಟ್ಟಲೆ ಕೂತು ನೋಡಿದರು.

ಗೀಜಗನ ಗೂಡು ನೋಡದವರು ನಮ್ಮಲ್ಲಿ ಯಾರೂ ಇಲ್ಲ. ಈಚಲು ಮರದಲ್ಲೋ, ಬಾವಿಯ ಮೇಲೆ ಬಾಗಿದ ಕೊಂಬೆಯಲ್ಲೋ ಸೋರೆಬುರುಡೆಯ ಹಾಗೆ ತೂಗಾಡುತ್ತಿರುತ್ತವೆ. ಗೂಡಿನ ಒಳಗೆ ಹಸಿ ಮಣ್ಣು ಮೆತ್ತಿ, ಮಿಂಚುಹುಳ ಅಂಟಿಸಿ ದೀಪ ಮಾಡ್ಕೊಳ್ಳುತ್ತೆ ಅಂತ ಅಜ್ಜಿಯರು ಹೇಳುತ್ತಾರೆ. ಮಣ್ಣು ಮೆತ್ತುವುದು ನಿಜ, ದೀಪದ ಮಾತು ಕಥೆ. ಗೂಡು ಕಟ್ಟುವುದು ಹೆಣ್ಣಲ್ಲ, ಗಂಡು. ಭತ್ತದ ಎಲೆಯ ಅಂಚನ್ನು ಕೊಕ್ಕಿನಲ್ಲಿ ಕಚ್ಚಿ, ಹಾರುತ್ತಾ ಉದ್ದಕ್ಕೆ ಸೀಳು ಎಳೆದುಕೊಂಡು ಬಂದು ಹೆಣೆಯುತ್ತದೆ. ಗೂಡು ಅರ್ಧ ಆಗಿ, ಟೋಪಿ ನೇತುಹಾಕಿದ ಹಾಗೆ ಕಾಣುವಾಗ ಕೆಲಸ ನಿಲ್ಲಿಸಿ, ರೆಕ್ಕೆ ಬಡಿದು ಹೆಣ್ಣುಗಳನ್ನು ಕರೆಯುತ್ತದೆ. ಹೆಣ್ಣುಗಳು ಬಂದು ಗೂಡಿನ ಒಳಗೆ ಹೊಕ್ಕು, ಎಳೆದು ಜಗ್ಗಿ ಪರೀಕ್ಷೆ ಮಾಡುತ್ತವೆ. ಒಪ್ಪಿಗೆ ಆದರೆ ಅಲ್ಲೇ ಸಂಸಾರ. ಗಂಡು ಆಮೇಲೆ ಉಳಿದ ಅರ್ಧ ಮತ್ತು ಕೆಳಗಿನ ಕೊಳವೆ ಕಟ್ಟಿ ಮುಗಿಸುತ್ತದೆ. ಒಪ್ಪಿಗೆ ಆಗದಿದ್ದರೆ ಆ ಗೂಡು ಹಾಗೇ ಬಿದ್ದಿರುತ್ತದೆ. ಮರದ ಕೆಳಗೆ ನಮಗೆ ಸಿಗುವ ಅರ್ಧ ಗೂಡುಗಳನ್ನು ಗಾಳಿ ಕೆಡವಿದ್ದು ಅಂತ ನಾವು ಅಂದುಕೊಂಡಿದ್ದೆವು. ಅವುಗಳಲ್ಲಿ ಎಷ್ಟೋ ಹೆಣ್ಣು ಒಪ್ಪದೆ ಬಿಟ್ಟು ಹೋದವು ಇರಬೇಕು!

ಇನ್ನೂ ತಮಾಷೆ ಅಂದರೆ, ಹೆಣ್ಣು ಮೊಟ್ಟೆ ಇಟ್ಟು ಕಾವಿಗೆ ಕೂತ ಕೂಡಲೇ ಗಂಡು ಪಕ್ಕದಲ್ಲಿ ಇನ್ನೊಂದು ಗೂಡು ಶುರು ಮಾಡಿ ಇನ್ನೊಂದು ಹೆಣ್ಣನ್ನು ಕರೆಯುತ್ತದೆ. ಗೀಜಗನ ಸಂಸಾರದ ಈ ಗುಟ್ಟು ಸರಿಯಾಗಿ ಗೊತ್ತಾದದ್ದು ಸಲೀಂ ಅಲಿಯವರ ಏಣಿಯ ಮೇಲಿಂದಲೇ. 1931ರಲ್ಲಿ ಅದನ್ನು ಬರೆದು ಪ್ರಕಟಿಸಿದ ಮೇಲೆ ಹೊರದೇಶದವರಿಗೂ ಇವರ ಹೆಸರು ಗೊತ್ತಾಯಿತು.

ಆಮೇಲೆ ಇವರು ಒಂದು ಉಪಾಯ ಮಾಡಿದರು. ಆಗ ದೇಶದ ತುಂಬ ರಾಜರ ಸಂಸ್ಥಾನಗಳು. ನನಗೆ ಸಂಬಳ ಬೇಡ, ಡೇರೆ, ಗಾಡಿ, ಊಟದ ಖರ್ಚು ನೋಡಿಕೊಳ್ಳಿ, ನಿಮ್ಮ ಕಾಡಿನಲ್ಲಿ ಯಾವ್ಯಾವ ಹಕ್ಕಿ ಇವೆ ಅಂತ ಪಟ್ಟಿ ಮಾಡಿಕೊಡುತ್ತೇನೆ ಎಂದು ಸಂಸ್ಥಾನಗಳ ಮುಂದೆ ಇಟ್ಟರು. ಹೈದರಾಬಾದು, ತಿರುವಾಂಕೂರು, ಕೊಚ್ಚಿ, ಗ್ವಾಲಿಯರ್, ಇಂದೂರು, ಭೋಪಾಲ್ ಹೀಗೆ ಒಂದೊಂದೇ ಸಂಸ್ಥಾನ ಸುತ್ತಿದರು. ಜೊತೆಗೆ ತೆಹಮಿನಾ. ಎತ್ತಿನ ಗಾಡಿಯಲ್ಲಿ ಡೇರೆ ಹೇರಿಕೊಂಡು, ಸೊಳ್ಳೆ ಕಚ್ಚಿಸಿಕೊಂಡು, ಕಾಡಿನಲ್ಲೇ ಅಡಿಗೆ ಮಾಡಿಕೊಂಡು ಆ ತಾಯಿ ಓಡಾಡಿದರು. ಅಂಥವರು 1939ರಲ್ಲಿ ಒಂದು ಸಣ್ಣ ಆಪರೇಷನ್ ಆದ ಮೇಲೆ ತೀರಿಕೊಂಡರು. ಮಕ್ಕಳಿರಲಿಲ್ಲ. ಸಲೀಂ ಅಲಿ ಮತ್ತೆ ಮದುವೆಯಾಗಲಿಲ್ಲ, ಅಕ್ಕನ ಮನೆಯಲ್ಲಿ ಉಳಿದರು. ಅದೇ 1939–40ರಲ್ಲಿ ನಮ್ಮ ಮೈಸೂರು ಸಂಸ್ಥಾನದ ಸರ್ವೆಗೆ ಬಂದರು. ಹೆಂಡತಿ ಜೊತೆಗಿಲ್ಲದ ಸುತ್ತಾಟ.

ಶ್ರೀರಂಗಪಟ್ಟಣದ ಹತ್ತಿರ ಕಾವೇರಿಗೆ ಅಡ್ಡಲಾಗಿ ಒಂದು ಹಳೇ ಕಟ್ಟೆ ಇದೆ. 1645ರಿಂದ 1648ರ ಒಳಗೆ ಕಟ್ಟಿದ್ದು. ಆ ಕಟ್ಟೆಯಿಂದ ನೀರು ನಿಂತು ನದಿಯ ನಡುವೆ ಸಣ್ಣ ಸಣ್ಣ ತಿಟ್ಟುಗಳು ಉಳಿದವು. ತಿಟ್ಟಿನ ತುಂಬ ಮರ, ಪೊದೆ. ಅಲ್ಲಿ ಸಾವಿರಾರು ಹಕ್ಕಿಗಳು ಗೂಡು ಕಟ್ಟುವುದನ್ನು ಸಲೀಂ ಅಲಿ ಕಂಡರು. ಹಕ್ಕಿಗೆ ಗೂಡು ಕಟ್ಟಲು ಇದಕ್ಕಿಂತ ಒಳ್ಳೆಯ ಜಾಗ ಎಲ್ಲಿ ಸಿಗಬೇಕು? ಸುತ್ತ ನೀರು, ನೀರಿನಲ್ಲಿ ಮೊಸಳೆ. ಕಾಡುಬೆಕ್ಕು, ನರಿ, ಮುಂಗುಸಿ ಮೊಟ್ಟೆ ಕದಿಯಲು ಈಜಿಕೊಂಡು ಬರುವುದು ಸುಲಭವಿಲ್ಲ. ಊಟಕ್ಕೆ ಹೊಳೆಯಲ್ಲಿ ಮೀನು, ಸುತ್ತಲಿನ ಗದ್ದೆಗಳಲ್ಲಿ ಕಪ್ಪೆ, ಏಡಿ, ಶಂಖುಹುಳ. ಮರದ ಮೇಲಿಂದ ಬಿದ್ದ ಹಿಕ್ಕೆ ನೀರಿಗೆ ಗೊಬ್ಬರವಾಗುತ್ತದೆ, ಅದರಿಂದ ಪಾಚಿ, ಹುಳ, ಮತ್ತೆ ಮೀನು. ಒಂದರ ಬಾಲ ಇನ್ನೊಂದು ಹಿಡಿದುಕೊಂಡ ಹಾಗೆ.

ಇದನ್ನು ರಕ್ಷಿಸಬೇಕು ಅಂತ ಅವರು ಮೈಸೂರು ಅರಸರ ಸರ್ಕಾರಕ್ಕೆ ಹೇಳಿದರು. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. ಜಾಗ ತೀರಾ ದೊಡ್ಡದಲ್ಲ, ತಿಟ್ಟುಗಳೆಲ್ಲ ಸೇರಿದರೆ ಸುಮಾರು 40 ಎಕರೆ, ನಮ್ಮೂರಿನ ಒಬ್ಬ ದೊಡ್ಡ ಜಮೀನುದಾರರ ತೋಟದಷ್ಟು. ಬಣ್ಣದ ಕೊಕ್ಕರೆ, ಬಾಯ್ಕಳಕ, ಚಮಚದ ಕೊಕ್ಕು, ಕೆಂಬರಲು, ನೀರುಕಾಗೆ, ಹೆಜ್ಜಾರ್ಲೆ ಎಲ್ಲ ಅಲ್ಲಿ ಮರಿ ಮಾಡುತ್ತವೆ. ನೀರುನಾಯಿಯೂ ಇದೆ. ಮಳೆಗಾಲದಲ್ಲಿ ಮೇಲಿನ ಕೃಷ್ಣರಾಜ ಸಾಗರದಿಂದ ಹೆಚ್ಚು ನೀರು ಬಿಟ್ಟರೆ ತಗ್ಗಿನ ತಿಟ್ಟುಗಳು ಮುಳುಗಿ ಗೂಡುಗಳು ಕೊಚ್ಚಿ ಹೋಗುವುದೂ ಉಂಟು. 2022ರಲ್ಲಿ ಇದಕ್ಕೆ ರಾಮ್ಸರ್ ಪಟ್ಟಿಯಲ್ಲಿ ಸ್ಥಾನ ಸಿಕ್ಕಿತು, ಅಂದರೆ ಪ್ರಪಂಚದ ಮುಖ್ಯ ಜೌಗು ನೆಲಗಳಲ್ಲಿ ಒಂದು ಅಂತ ಲೆಕ್ಕ.

1941ರಲ್ಲಿ ಭಾರತದ ಹಕ್ಕಿಗಳ ಬಗ್ಗೆ ಅವರ ಪುಸ್ತಕ ಬಂತು. ಬಣ್ಣದ ಚಿತ್ರ ನೋಡಿ ಯಾರು ಬೇಕಾದರೂ ಹಕ್ಕಿ ಗುರುತು ಹಿಡಿಯಬಹುದು. ನೆಹರೂ ಅವರು ಜೈಲಿನಲ್ಲಿದ್ದಾಗ ಈ ಪುಸ್ತಕವನ್ನು ಮಗಳು ಇಂದಿರಾ ಅವರಿಗೆ ಕೊಟ್ಟಿದ್ದರು. ಈ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ. ಆಮೇಲೆ ಅಮೆರಿಕದ ಡಿಲ್ಲನ್ ರಿಪ್ಲೆ ಅವರ ಜೊತೆ ಸೇರಿ ಹತ್ತು ಸಂಪುಟಗಳ ದೊಡ್ಡ ಗ್ರಂಥ ಬರೆದರು, ಅದು ಮುಗಿದದ್ದು 1974ರಲ್ಲಿ.

ಮಂಗನ ಕಾಯಿಲೆ ಅಂದರೆ ನಮ್ಮ ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು, ಜನಕ್ಕೂ ಜ್ವರ ಬಂತು. ಉಣುಗು ಕಚ್ಚಿ ಹರಡುವ ರೋಗ ಎಂದು ಗೊತ್ತಾಯಿತು. ಆದರೆ ಆ ವೈರಸ್ಸು ರಷ್ಯಾ ದೇಶದ ಒಂದು ಜ್ವರದ ವೈರಸ್ಸನ್ನು ಹೋಲುತ್ತಿತ್ತು. ಹಾಗಾದರೆ ಚಳಿಗಾಲಕ್ಕೆ ಅಲ್ಲಿಂದ ಬರುವ ವಲಸೆ ಹಕ್ಕಿಗಳು ತಮ್ಮ ಮೈಮೇಲೆ ಉಣುಗು ತಂದವೇ? ಇದನ್ನು ಹುಡುಕಲು ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಸಲೀಂ ಅಲಿಯವರ ಸಂಘ ಹಕ್ಕಿಗಳನ್ನು ಬಲೆ ಹಾಕಿ ಹಿಡಿದು, ಕಾಲಿಗೆ ನಂಬರಿನ ಬಳೆ ತೊಡಿಸಿ ಬಿಡುವ ದೊಡ್ಡ ಕೆಲಸ ಶುರು ಮಾಡಿತು. ಕಾಯಿಲೆಯನ್ನು ಹಕ್ಕಿಗಳೇ ತಂದವು ಅಂತ ಸಿದ್ಧವಾಗಲಿಲ್ಲ. ಆದರೆ ನಮ್ಮ ದೇಶದಲ್ಲಿ ಬಳೆ ತೊಟ್ಟ ಬಾತುಗಳು ಸೈಬೀರಿಯಾದ ಕಡೆ ಸಿಕ್ಕವು. ಯಾವ ಹಕ್ಕಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂಬ ಲೆಕ್ಕ ಸಿಗತೊಡಗಿತು.

ಮನುಷ್ಯ ನೋಡಲು ಸಣಕಲು. ಆದರೆ ಮೋಟಾರ್ ಸೈಕಲ್ ಹುಚ್ಚು! 1950ರಲ್ಲಿ ಸ್ವೀಡನ್ ದೇಶದ ಪಕ್ಷಿ ಸಮ್ಮೇಳನಕ್ಕೆ ಹೋಗುವಾಗ ತಮ್ಮ ಸನ್‌ಬೀಮ್ ಬೈಕನ್ನು ಹಡಗಿನಲ್ಲಿ ಹಾಕಿಕೊಂಡು ಹೋಗಿ ಯುರೋಪೆಲ್ಲ ಓಡಿಸಿದರು. ಆಗ ವಯಸ್ಸು 53. ಇನ್ನೊಂದು ಮಾತೂ ಹೇಳಬೇಕು. ದೊಡ್ಡವರಾದ ಮೇಲೂ ಅವರು ಬಂದೂಕು ಬಿಡಲಿಲ್ಲ. ಸಂಗ್ರಹಾಲಯಕ್ಕಾಗಿ, ಜಾತಿ ಗುರುತಿಸುವುದಕ್ಕಾಗಿ ಹಕ್ಕಿಗಳನ್ನು ಹೊಡೆದರು. ಅದಿಲ್ಲದೆ ಶಾಸ್ತ್ರ ನಡೆಯೋದಿಲ್ಲ ಅಂತ ಅವರ ವಾದ. ನಮಗೆ ಇದು ಅಷ್ಟು ಹಿಡಿಸಲಿಲ್ಲ, ಆದರೂ ಮುಚ್ಚಿಡಬಾರದು ಅಂತ ಬರೆದಿದ್ದೇವೆ.

ಕಾಡು ಉಳಿಸುವ ಕೆಲಸಕ್ಕೆ ಅವರು ಪೂರ್ತಿ ಇಳಿದದ್ದು ಮುದುಕರಾದ ಮೇಲೆ. ಕೇರಳದ ಪಾಲಕ್ಕಾಡ್ ಜಿಲ್ಲೆಯ ಸೈಲೆಂಟ್ ವ್ಯಾಲಿ ಎಂಬ ದಟ್ಟ ಕಾಡಿನಲ್ಲಿ ಕುಂತಿಪುಳ ಎಂಬ ಹೊಳೆ ಇದೆ. ಅದಕ್ಕೆ ಅಣೆಕಟ್ಟು ಕಟ್ಟಿ ಕರೆಂಟು ತೆಗೆಯುವ ಯೋಜನೆ ಬಂತು. ನಮ್ಮ ಶರಾವತಿ ಕಡೆ ಇರುವಂಥ ಸಿಂಗಳೀಕಗಳು ಅಲ್ಲೂ ಇವೆ. ಸಲೀಂ ಅಲಿ ಆ ಕಾಡಿಗೆ ಹೋಗಿ ನೋಡಿ ಬಂದು, ಯೋಜನೆ ಬೇಡ ಎಂದು ಒತ್ತಾಯಿಸಿದರು. ಇನ್ನೂ ಎಷ್ಟೋ ಜನ, ಅದರಲ್ಲೂ ಕೇರಳದ ಶಾಲೆ ಮೇಷ್ಟರುಗಳು, ಕವಿಗಳು ಹೋರಾಡಿದರು. ಆಗ ಪ್ರಧಾನಿ ಯಾರು? ಅದೇ ಇಂದಿರಾ ಗಾಂಧಿ. ಯೋಜನೆ ನಿಂತು, 1984ರಲ್ಲಿ ಅದು ರಾಷ್ಟ್ರೀಯ ಉದ್ಯಾನ ಅಂತ ಘೋಷಣೆಯಾಯಿತು. ಕೇರಳದಲ್ಲೇ ಪೆರಿಯಾರ್ ಹೊಳೆಯ ದಡದ ತಟ್ಟೆಕ್ಕಾಡ್ ಎಂಬ ಕಾಡಿದೆ. 1930ರ ದಶಕದ ಸರ್ವೆಯಲ್ಲೇ ಅಲ್ಲಿನಷ್ಟು ಬಗೆಯ ಹಕ್ಕಿ ದಕ್ಷಿಣದಲ್ಲಿ ಬೇರೆಲ್ಲೂ ಇಲ್ಲ ಅಂತ ಅವರು ಗುರುತಿಸಿದ್ದರು. ಬರೀ 25 ಚದರ ಕಿಲೋಮೀಟರಿನ ಆ ಕಾಡು ಪಕ್ಷಿಧಾಮವಾದದ್ದು ಮಾತ್ರ 1983ರಲ್ಲಿ. ಅರ್ಧ ಶತಮಾನ ಕಾಯಬೇಕಾಯಿತು. ಈಗ ಅದಕ್ಕೆ ಅವರದೇ ಹೆಸರು.

ಕೊನೆಗೆ ಭರತಪುರದ ವಿಷಯ. ರಾಜಸ್ಥಾನದಲ್ಲಿದೆ. ಅಲ್ಲಿನ ಮಹಾರಾಜರು ತಗ್ಗು ಜಾಗಕ್ಕೆ ಅಜಾನ್ ಬಂಡ್ ಎಂಬ ಕಟ್ಟೆಯಿಂದ ನೀರು ಬಿಡಿಸಿ ಬಾತುಕೋಳಿ ಬೇಟೆಗೆ ಕೆರೆ ಮಾಡಿಕೊಂಡಿದ್ದರು. 1938ರ ನವೆಂಬರ್ 12ರಂದು ವೈಸರಾಯ್ ಲಿನ್‌ಲಿತ್ಗೋ ಅವರ ತಂಡ ಒಂದೇ ದಿನ ಹೊಡೆದ ಹಕ್ಕಿಗಳು 4,273. ಅಲ್ಲೇ ಕಲ್ಲಿನ ಮೇಲೆ ಕೆತ್ತಿಸಿದ್ದಾರೆ. ತಾರೀಖು ನೋಡಿದಿರಾ? ಅವತ್ತು ಸಲೀಂ ಅಲಿಯವರ ಹುಟ್ಟುಹಬ್ಬ! ಸ್ವಾತಂತ್ರ್ಯ ಬಂದ ಮೇಲೆ ಆ ಕೆರೆಯ ನೀರು ಬಸಿದು ಗದ್ದೆ ಮಾಡಬೇಕು ಅಂತ ಜನ ಕೇಳಿದರು. ಸಲೀಂ ಅಲಿ ನೆಹರೂ ಅವರವರೆಗೂ ಹೋಗಿ ಅದನ್ನು ಉಳಿಸಿದರು. ಸೈಬೀರಿಯಾದ ಬಿಳಿ ಕ್ರೌಂಚಗಳು 2002ರವರೆಗೂ ಅಲ್ಲಿಗೆ ಬರುತ್ತಿದ್ದವು.

1982ರಲ್ಲಿ ಅದು ರಾಷ್ಟ್ರೀಯ ಉದ್ಯಾನವಾದಾಗ ಸುತ್ತಲಿನ ಹಳ್ಳಿಗಳ ದನ, ಎಮ್ಮೆ ಒಳಗೆ ಬರಬಾರದು ಅಂತ ಮಾಡಿದರು. ಸಲೀಂ ಅಲಿ ಮತ್ತು ಇತರ ತಜ್ಞರ ಸಲಹೆಯೂ ಅದೇ ಆಗಿತ್ತು. ತಲೆತಲಾಂತರದಿಂದ ಅಲ್ಲೇ ಮೇಯಿಸುತ್ತಿದ್ದವರು ಎಲ್ಲಿಗೆ ಹೋಗಬೇಕು? ಗಲಾಟೆ ಆಯಿತು, ಪೋಲೀಸರು ಗುಂಡು ಹಾರಿಸಿದರು, ಹಳ್ಳಿಯವರು ಕೆಲವರು ಸತ್ತರು. ನಮ್ಮ ಮನೆಗಳಲ್ಲೂ ದನ ಇವೆ, ನಮ್ಮ ದನಗಳೂ ಕಾಡಿಗೇ ಹೋಗುತ್ತವೆ. ಆದ್ದರಿಂದ ಈ ಸಂಗತಿ ಓದಿದಾಗ ನಾವು ಸ್ವಲ್ಪ ಹೊತ್ತು ಸುಮ್ಮನೆ ಕೂತೆವು. ಹಕ್ಕಿ ಉಳಿಸುವುದು ತಪ್ಪು ಅಂತ ಯಾರೂ ಹೇಳೋದಿಲ್ಲ. ಆದರೆ ಆ ಎಮ್ಮೆಗಳು ಹಕ್ಕಿಗೆ ಏನು ಕೇಡು ಮಾಡಿದ್ದವು ಅಂತ ಮೊದಲೇ ನೋಡಬೇಕಾಗಿತ್ತು.

ನೋಡಿದರು, ಆದರೆ ಆಮೇಲೆ. ಸಲೀಂ ಅಲಿಯವರ ಸಂಘದ ವಿಜ್ಞಾನಿಗಳೇ ಅಲ್ಲಿ ಸುಮಾರು ಹತ್ತು ವರ್ಷ ಅಧ್ಯಯನ ಮಾಡಿದರು. ಎಮ್ಮೆ ಬರುವುದು ನಿಂತ ಮೇಲೆ ಒಂದು ಜಾತಿಯ ಹುಲ್ಲು ಕೆರೆ ತುಂಬ ಚಾಪೆಯ ಹಾಗೆ ಬೆಳೆದು ನೀರು ಮುಚ್ಚಿಹೋಗಿತ್ತು. ಬಾತುಗಳಿಗೆ ಇಳಿಯಲು ತೆರೆದ ನೀರಿಲ್ಲ, ಮೀನೂ ಕಡಿಮೆ, ಬರುವ ಹಕ್ಕಿಯೂ ಕಡಿಮೆ. ಎಮ್ಮೆಗಳು ನೀರಿಗಿಳಿದು ಆ ಹುಲ್ಲು ಮೇಯುತ್ತಿದ್ದದ್ದೇ ಕೆರೆಯನ್ನು ತೆರೆದಿಟ್ಟಿತ್ತು. ತಮ್ಮ ಹಿರಿಯರ ಸಲಹೆಗೆ ವಿರುದ್ಧವಾಗಿದ್ದರೂ ಕಂಡದ್ದನ್ನು ಕಂಡ ಹಾಗೇ ಅವರು ಬರೆದರು. ಏಣಿ ಮೇಲೆ ಕೂತು ನೋಡಿ ಬರೆಯುವುದನ್ನು ಕಲಿಸಿದ್ದೂ ಅದೇ ಹಿರಿಯರಲ್ಲವೇ.

ಆ ವರದಿ ಪೂರ್ತಿಯಾಗಿ ಬಂದದ್ದು 1991ರಲ್ಲಿ. ಅದನ್ನು ಓದಲು ಸಲೀಂ ಅಲಿ ಇರಲಿಲ್ಲ. ಪದ್ಮಭೂಷಣ, ಪದ್ಮವಿಭೂಷಣ ಎಲ್ಲ ಬಂದಿತ್ತು. ಗೆಟ್ಟಿ ಪ್ರಶಸ್ತಿಯಲ್ಲಿ ಬಂದ 50,000 ಡಾಲರನ್ನು ಕಾಡು ಉಳಿಸುವ ನಿಧಿಗೆ ಕೊಟ್ಟಿದ್ದರು. 1985ರಲ್ಲಿ ರಾಜ್ಯಸಭೆಗೆ ನಾಮಕರಣವಾಗಿತ್ತು. ಅದೇ ವರ್ಷ ಬಂದ ಆತ್ಮಕಥೆಗೆ ಅವರು ಗುಬ್ಬಿಯೊಂದು ಬಿದ್ದದ್ದರ ಮೇಲೆಯೇ ಹೆಸರಿಟ್ಟರು. 1987ರಲ್ಲಿ, 90 ತುಂಬಿದ ಮೇಲೆ ಬೊಂಬಾಯಿಯಲ್ಲಿ ತೀರಿಕೊಂಡರು. ಭರತಪುರದಲ್ಲಿ ಆಮೇಲೆ ಹಳ್ಳಿಯವರಿಗೆ ಒಳಗೆ ಬಂದು ಹುಲ್ಲು ಕೊಯ್ದು ಹೊರೆ ಕಟ್ಟಿಕೊಂಡು ಹೋಗಲು ಅಪ್ಪಣೆ ಕೊಟ್ಟರು. ಎಮ್ಮೆಗಳು ಗೋಡೆಯ ಆಚೆಗೇ ಉಳಿದವು.